ಕೋಳಿ ಬೇಲಿಯಿಂದ ಸುತ್ತಳತೆ, ವಿಸ್ತೀರ್ಣ: ಒಂದು ಪಾಠ ಯೋಜನೆ

ತರಗತಿ: 7
ವಿಷಯ: ಗಣಿತ
ಅವಧಿ: 40 ನಿಮಿಷ
ಬೋಧನೋಪಕರಣ: ಪ್ರತಿ ಗುಂಪಿಗೆ 24 ಬೆಂಕಿಕಡ್ಡಿ, ಒಂದು ಸ್ಲೇಟು, ಚೌಕುಳಿ ಹಾಳೆ

ಉದ್ದೇಶ: ಸುತ್ತಳತೆ ಒಂದೇ ಇದ್ದರೂ ವಿಸ್ತೀರ್ಣ ಬದಲಾಗುತ್ತದೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುವುದು.

ಪೀಠಿಕೆ: ಸೂತ್ರದಿಂದ ಆರಂಭಿಸಬೇಡಿ. ‘ನಿಮ್ಮ ಮನೆಯ ಕೋಳಿಮರಿಗಳನ್ನು ಯಾವ ಯಾವ ಪ್ರಾಣಿ ಹಿಡಿಯುತ್ತದೆ?’ ಎಂದು ಕೇಳಿ. ಮುಂಗುಸಿ, ಕಾಡುಬೆಕ್ಕು, ನಾಯಿ, ಹದ್ದು ಎಂಬ ಉತ್ತರಗಳು ಬರುತ್ತವೆ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಮೊಟ್ಟೆ ಮಾರಿದ ಹಣವೇ ತಾಯಿಯ ಕೈಖರ್ಚು. ಆದ್ದರಿಂದ ಮಕ್ಕಳಿಗೆ ಇದು ಬರಿಯ ಲೆಕ್ಕವಲ್ಲ.

ಬೇಲಿಯ ಪರಿಚಯ: ಮಲೆನಾಡಿನ ದಬ್ಬೆ ಬೇಲಿಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. 2 ಮೀಟರಿಗೊಂದು ಕಂಬ. ಕಂಬದಿಂದ ಕಂಬಕ್ಕೆ ಎರಡು ಅಡ್ಡಗಳ. ಅದಕ್ಕೆ ಸೀಳಿದ ಅಡಿಕೆ ದಬ್ಬೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಕಟ್ಟಬೇಕು. 7 ಅಡಿ ಕಂಬವಾದರೆ 2 ಅಡಿ ಮಣ್ಣಿನೊಳಗೆ, 5 ಅಡಿ ಮೇಲೆ. ಮುಂಗುಸಿ ಬುಡ ಕೆದಕುವುದರಿಂದ ಬೇಲಿಯುದ್ದಕ್ಕೂ ಕಲ್ಲು ಜೋಡಿಸಬೇಕು. ಗ್ಲಿರಿಸಿಡಿಯಾದ ಹಸಿ ಗೂಟ ನೆಟ್ಟರೆ ಅದು ಚಿಗುರಿ ಬೇರುಬಿಡುತ್ತದೆ. ಒಣ ಕಂಬದಂತೆ ಬೇಗ ಗೆದ್ದಲಿಗೆ ತುತ್ತಾಗುವುದಿಲ್ಲ.

ಚಟುವಟಿಕೆ 1: ಒಂದು ಕಡ್ಡಿ ಎಂದರೆ 1 ಮೀಟರ್ ಬೇಲಿ. 24 ಕಡ್ಡಿಗಳನ್ನೂ ಬಳಸಿ ಬೇರೆ ಬೇರೆ ಆಯತಗಳನ್ನು ರಚಿಸಲಿ. 10 × 2 ಆದರೆ 20 ಚದರ ಮೀಟರ್; 8 × 4 ಆದರೆ 32; 6 × 6 ಆದರೆ 36. ಖರ್ಚು ಒಂದೇ, ಜಾಗ ಬೇರೆ. ಚೌಕದಲ್ಲೇ ಹೆಚ್ಚು ಜಾಗ ಸಿಗುತ್ತದೆ ಎಂಬ ಮಾತು ಮಕ್ಕಳ ಬಾಯಿಂದಲೇ ಬರಲಿ.

ಚಟುವಟಿಕೆ 2: ‘ಒಂದು ಪಕ್ಕಕ್ಕೆ ಮನೆಯ ಗೋಡೆಯೇ ಇದ್ದರೆ?’ ಎಂದು ಕೇಳಿ. ಸ್ಲೇಟಿನ ಒಂದು ಅಂಚು ಗೋಡೆಯಾಗಲಿ. ಅಂಚು ಸಾಲದಿದ್ದರೆ ಸೀಮೆಸುಣ್ಣದ ಗೆರೆಯನ್ನು ಮುಂದುವರಿಸಲಿ. ಅದೇ 24 ಕಡ್ಡಿ ಈಗ ಮೂರು ಬದಿಗೆ ಮಾತ್ರ. 8 × 8 ಆದರೆ 64, 10 × 7 ಆದರೆ 70, 12 × 6 ಆದರೆ 72 ಚದರ ಮೀಟರ್. ಮೊದಲಿನ ಚೌಕದ ಸರಿಯಾಗಿ ಎರಡರಷ್ಟು! ಇಲ್ಲಿ ಚೌಕ ಗೆಲ್ಲಲಿಲ್ಲವೇಕೆ ಎಂದು ಚರ್ಚಿಸಲು ಐದು ನಿಮಿಷ ಬಿಡಿ. ನೀವೇ ಉತ್ತರ ಹೇಳಿಬಿಡಬೇಡಿ. ಗೋಡೆಯ ಆಚೆಗೂ ಅಂಥದೇ ಆವರಣ ಇದೆಯೆಂದು ಊಹಿಸಿ, ಎರಡನ್ನೂ ಸೇರಿಸಿ ನೋಡಿದರೆ 12 × 12ರ ಚೌಕವೇ ಕಾಣುತ್ತದೆ.

ಮೌಲ್ಯಮಾಪನ:
1. 2 ಮೀಟರಿಗೊಂದರಂತೆ 6 × 6ರ ಆವರಣಕ್ಕೆ ಎಷ್ಟು ಕಂಬ ಬೇಕು? (12)
2. ಗೋಡೆಗೆ ಹೊಂದಿದ 12 × 6ರ ಬೇಲಿಗೆ? ಗೋಡೆಯ ಪಕ್ಕವೂ ಕಂಬ ಬೇಕು. (13)

ಎರಡರಲ್ಲೂ ಬೇಲಿ 24 ಮೀಟರೇ. ಕಂಬ ಮಾತ್ರ ಒಂದು ಹೆಚ್ಚು. ಸುತ್ತಿ ಬಂದ ಬೇಲಿಯಲ್ಲಿ ಮೊದಲ ಕಂಬವೇ ಕೊನೆಯ ಕಂಬ. ತೆರೆದ ಬೇಲಿಯಲ್ಲಿ ಕೊನೆಗೆ ಇನ್ನೊಂದು ಬೇಕು. ಭಾಗಾಕಾರ ಬಲ್ಲ ಮಕ್ಕಳೂ ಎಡವುವುದು ಇಲ್ಲೇ. ಚಿತ್ರ ಬರೆಸಿ, ಎಣಿಸಿ.

ಗೃಹಪಾಠ: ತಮ್ಮ ಹಿತ್ತಲನ್ನು ಹೆಜ್ಜೆಯಲ್ಲಿ ಅಳೆದು, 24 ಮೀಟರ್ ಬೇಲಿಗೆ ತಕ್ಕ ಆವರಣದ ನಕ್ಷೆ ಬರೆದು ತರಲಿ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ: ‘ಹದ್ದು ಮೇಲಿನಿಂದ ಬರುತ್ತದಲ್ಲ ಸಾರ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪಾಠ ಬಿಟ್ಟು ಹೋಯಿತೆಂದು ತಡೆಯಬೇಡಿ. ಬೇಲಿ ಹದ್ದನ್ನು ತಡೆಯದು. ಮರಿಗಳಿಗೆ ಮೇಲೆ ಬಲೆ ಬೇಕು, ರಾತ್ರಿ ಗೂಡು ಬೇಕು. ಬಲೆಯ ಅಳತೆಗೆ ಬೇಕಾದದ್ದು ಸುತ್ತಳತೆಯೋ, ವಿಸ್ತೀರ್ಣವೋ ಎಂದು ಮರಳಿ ಕೇಳಿ. ಆ ಒಂದು ಪ್ರಶ್ನೆಗೆ ಬರುವ ಉತ್ತರದಿಂದ ಪಾಠ ಎಷ್ಟು ಮುಟ್ಟಿದೆಯೆಂಬುದು ತಿಳಿಯುತ್ತದೆ.