ಪರಿಹಾರ ಸಾಮಗ್ರಿ ಕಳಿಸುವ ಮುನ್ನ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮದೆನಾಡು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಮೈಸೂರು ತಡಮಾಡಲಿಲ್ಲ. ಅಕ್ಕಿ, ಹೊದಿಕೆ, ನೀರಿನ ಬಾಟಲಿ ತುಂಬಿದ ವಾಹನಗಳು ಹುಣಸೂರು ರಸ್ತೆ ಹಿಡಿದವು. ಮರುವರ್ಷ ಉತ್ತರ ಕರ್ನಾಟಕದ ಜೊತೆಗೆ ಪಕ್ಕದ ನಂಜನಗೂಡಿನಲ್ಲೂ ನೆರೆ ಬಂತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಸಿಲುಕಿದವು. ಕೊಡುವ ಮನಸ್ಸಿಗೆ ಮೈಸೂರಿನಲ್ಲಿ ಕೊರತೆಯಿಲ್ಲ. ಕೊಟ್ಟದ್ದು ಬೇಕಾದ ದಿನ, ಬೇಕಾದ ಮನೆಗೆ ತಲುಪುವಂತೆ ಮಾಡುವುದೇ ಕಷ್ಟದ ಕೆಲಸ.

ಮೊದಲು ಫೋನ್, ಆಮೇಲೆ ಸಂಗ್ರಹ

ಜಿಲ್ಲಾ ವಿಪತ್ತು ಸಹಾಯವಾಣಿ 1077, ರಾಜ್ಯದ್ದು 1070. ಬೇರೆ ಜಿಲ್ಲೆಗೆ ಕಳಿಸುವುದಾದರೆ ಆ ಜಿಲ್ಲಾಡಳಿತದ ಜಾಲತಾಣದಲ್ಲಿ ನಿಯಂತ್ರಣ ಕೊಠಡಿಯ ನೇರ ಸಂಖ್ಯೆ ನೋಡಿಕೊಳ್ಳಿ. ಎಷ್ಟು ಕುಟುಂಬಗಳು ಕಾಳಜಿ ಕೇಂದ್ರದಲ್ಲಿವೆ, ಎಷ್ಟು ಮಂದಿ ನೆಂಟರ ಮನೆಯಲ್ಲಿದ್ದಾರೆ, ಗೋದಾಮಿನಲ್ಲಿ ಈಗಾಗಲೇ ಏನು ತುಂಬಿದೆ, ಸಾಮಾನು ಇಳಿಸಿಕೊಂಡು ಸಹಿ ಹಾಕುವವರು ಯಾರು ಎಂದು ಕೇಳಿ. ನೆಂಟರ ಮನೆ ಸೇರಿದವರು ಪಟ್ಟಿಯಿಂದ ಬಿಟ್ಟುಹೋಗುವುದೇ ಹೆಚ್ಚು. ಅವರನ್ನು ಹುಡುಕಲು ಗ್ರಾಮ ಆಡಳಿತಾಧಿಕಾರಿಗಳು, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು ನೆರವಾಗುತ್ತಾರೆ. ಅವರ ಮಾತು ಕೇಳಿದ ಮೇಲೆ ಪಟ್ಟಿ ಬರೆಯಿರಿ.

ಕೇಂದ್ರದಲ್ಲಿ ಬೇಕಾದದ್ದು ಬೇರೆ, ಮನೆಗೆ ಬೇಕಾದದ್ದು ಬೇರೆ

ಕಾಳಜಿ ಕೇಂದ್ರದಲ್ಲಿ ಒಟ್ಟಿಗೆ ಅಡುಗೆಯಾಗುತ್ತದೆ. ಅಲ್ಲಿರುವ ತಾಯಿಗೆ ಹತ್ತು ಕಿಲೋ ಅಕ್ಕಿ ಕೊಟ್ಟರೆ ಇಟ್ಟುಕೊಳ್ಳಲು ಜಾಗವಿಲ್ಲ, ಬೇಯಿಸಲು ಒಲೆಯಿಲ್ಲ. ಅವಳಿಗೆ ಆ ಹೊತ್ತಿಗೆ ಬೇಕಾದದ್ದು ಹೊಸ ಒಳಉಡುಪು, ನೈಟಿ, ಸ್ಯಾನಿಟರಿ ಪ್ಯಾಡ್, ಟವೆಲ್, ಸೋಪು, ಬ್ರಷ್ಷು, ಬಾಚಣಿಗೆ, ಚಪ್ಪಲಿ, ಟಾರ್ಚು, ಚಾಪೆ, ಹೊದಿಕೆ. ಕೊಡಗು, ವಯನಾಡಿನ ಆಗಸ್ಟ್ ಮಳೆಯಲ್ಲಿ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಆದ್ದರಿಂದ ಒಬ್ಬೊಬ್ಬರಿಗೆ ಎರಡು ಜೊತೆ ಬಟ್ಟೆ, ಒಂದು ಸ್ವೆಟರ್ ಇರಲಿ.

ಹಳೆಯ ಬಟ್ಟೆ ಬೇಡ ಎಂದೇ ಹೇಳುತ್ತೇನೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಹಳೆ ಬಟ್ಟೆಯ ರಾಶಿಗಳು ರಸ್ತೆಬದಿಯಲ್ಲೇ ಬಿದ್ದಿದ್ದವು. ಎಲ್ಲ ಕಳೆದುಕೊಂಡವರಿಗೂ ತಮ್ಮ ಅಳತೆಯ, ತಾವು ಉಡುವಂಥ ಬಟ್ಟೆ ಬೇಕು. ಹಾಗೆಯೇ ಹಸುಗೂಸುಗಳಿಗೆಂದು ಹಾಲಿನ ಪುಡಿ ಡಬ್ಬಿಗಳನ್ನು ಹಂಚಬೇಡಿ. ಕೆಟ್ಟ ನೀರಿನಲ್ಲಿ ಕಲಸಿದರೆ ಮಗುವಿಗೆ ಭೇದಿ ಹಿಡಿಯುತ್ತದೆ. ಎದೆಹಾಲು ಸಿಗದ ಮಗುವಿದ್ದರೆ ವೈದ್ಯರೇ ಹೇಳಲಿ. ಔಷಧಿಗಳನ್ನೂ ವೈದ್ಯರ ತಂಡದ ಕೈಗೇ ಕೊಡಿ.

ದಿನಸಿ ಕಿಟ್‌ನ ಹೊತ್ತು ಬರುವುದು ಕುಟುಂಬ ಮನೆಗೆ ಮರಳುವ ದಿನ. ನಾಲ್ವರ ಮನೆಗೆ ವಾರಕ್ಕೆ ಅಕ್ಕಿ 10 ಕಿಲೋ, ತೊಗರಿಬೇಳೆ 2 ಕಿಲೋ, ಎಣ್ಣೆ 1 ಲೀಟರ್, ಉಪ್ಪು, ಸಕ್ಕರೆ, ಚಹಾಪುಡಿ, ಖಾರದಪುಡಿ, ಹುಣಸೆಹಣ್ಣು, ಬೆಂಕಿಪೊಟ್ಟಣ ಸಾಕು. ವಯನಾಡಿನ ಕಡೆಗಾದರೆ ಕುಚ್ಚಲಕ್ಕಿ, ಬೆಳಗಾವಿ, ಬಾಗಲಕೋಟೆ ಕಡೆಗಾದರೆ ಜೋಳದ ಹಿಟ್ಟು ಕಳಿಸಿ. ಸಂತೆಪೇಟೆಯಲ್ಲೋ ಬಂಡಿಪಾಳ್ಯದ ಎಪಿಎಂಸಿಯಲ್ಲೋ ಸಗಟಾಗಿ ಕೊಂಡರೆ ಅದೇ ದುಡ್ಡಿಗೆ ಇನ್ನಷ್ಟು ಮನೆಗಳಿಗೆ ಆಗುತ್ತದೆ. ಮನೆಮನೆಯಿಂದ ಬಿಡಿ ಪೊಟ್ಟಣ ಕೂಡಿಸುವುದಕ್ಕಿಂತ ಹಣ ಕೂಡಿಸಿ ಒಂದೇ ಬಗೆಯ ಕಿಟ್ ಮಾಡುವುದು ಒಳ್ಳೆಯದು. ಆಗ ಹಂಚುವಾಗ ಅವರಿಗೆ ಹೆಚ್ಚು, ಇವರಿಗೆ ಕಡಿಮೆ ಎಂಬ ನೋವು ಹುಟ್ಟುವುದಿಲ್ಲ.

ಕೆಸರು ತುಂಬಿದ ಮನೆಗೆ ದಿನಸಿಗಿಂತ ಮೊದಲು ಸಲಿಕೆ, ಬಕೆಟ್ಟು, ಪೊರಕೆ, ಬ್ಲೀಚಿಂಗ್ ಪೌಡರ್, ಗಮ್‌ಬೂಟು, ರಬ್ಬರ್ ಕೈಗವಸು ಹೋಗಬೇಕು. ನೆರೆ ಇಳಿದ ಮೇಲೆ ಇಲಿಜ್ವರ ಹೆಚ್ಚಾಗಿ ಹಬ್ಬುವುದು ಗಾಯಗೊಂಡ ಬರಿಗಾಲು ಕೆಸರಿಗೆ ತಾಗಿದಾಗ. ಕಿಟ್‌ನಲ್ಲಿ ನಾಲ್ಕಾರು ಓಆರ್‌ಎಸ್ ಪೊಟ್ಟಣ, ನೀರು ಶುದ್ಧಮಾಡುವ ಕ್ಲೋರಿನ್ ಮಾತ್ರೆ ಇಡಿ, ಬಳಸುವ ಬಗೆಯನ್ನು ಅವರ ಭಾಷೆಯಲ್ಲಿ ಬರೆದು ಅಂಟಿಸಿ. ಹಟ್ಟಿ ಕಳೆದುಕೊಂಡವರ ದನಗಳಿಗೆ ಹುಲ್ಲು, ಹಿಂಡಿ ಬೇಕೇ ಎಂದು ಕೇಳುವುದನ್ನು ಮರೆಯಬೇಡಿ.

ಕಟ್ಟುವುದು, ಒಯ್ಯುವುದು

ಒಂದು ಚೀಲ 20 ಕಿಲೋ ಮೀರದಿರಲಿ. ಸೇತುವೆ ಕುಸಿದ ಕಡೆ ಯಾರಾದರೂ ತಲೆಯ ಮೇಲೆ ಹೊತ್ತೇ ಸಾಗಿಸಬೇಕು. ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಒಳಗೇನಿದೆ, ಎಷ್ಟು ಮಂದಿಗೆ ಎಂದು ಹೊರಗೆ ದಪ್ಪಕ್ಷರದಲ್ಲಿ ಬರೆಯಿರಿ. ಸೋಪು, ಬ್ಲೀಚಿಂಗ್ ಪೌಡರ್ ಅಕ್ಕಿಯ ಜೊತೆ ಸೇರಬಾರದು.

ಹೊರಡುವ ಮುನ್ನ ರಸ್ತೆ ವಿಚಾರಿಸಿ. ಗುಂಡ್ಲುಪೇಟೆ ಮೇಲೆ ವಯನಾಡಿಗೆ ಹೋಗುವ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ; ನಾಗರಹೊಳೆಯೊಳಗಿನ ಮಾನಂದವಾಡಿ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಕಬಿನಿಯಿಂದ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಗೇ ನೀರು ನುಗ್ಗುತ್ತದೆ. ಹತ್ತು ಕಾರುಗಳ ಬದಲು ಒಂದು ಲಾರಿಯಲ್ಲಿ ಇಬ್ಬರು ಹೋದರೆ ಆಂಬುಲೆನ್ಸ್‌ಗೆ, ಜೆಸಿಬಿಗೆ ದಾರಿ ಉಳಿಯುತ್ತದೆ.

ಹಂಚುವಾಗ ಟೋಕನ್ ಮೊದಲೇ ಕೊಡಿ. ಮುದುಕರು, ಬಾಣಂತಿಯರು, ಅಂಗವಿಕಲರು ಇರುವ ಕಡೆಗೆ ನೀವೇ ಹೋಗಿ. ಕೈಯೊಡ್ಡಿದವರ ಫೋಟೊ ತೆಗೆಯಬೇಡಿ. ಲೆಕ್ಕ ತೋರಿಸಲು ಚೀಲಗಳ ಫೋಟೊ, ಸಹಿ ಮಾಡಿದ ಪಟ್ಟಿ ಸಾಕು.

ಕೂಡಿಸಿದ ಹಣದಲ್ಲಿ ಮೂರನೇ ಒಂದು ಪಾಲನ್ನು ಎರಡನೇ ತಿಂಗಳಿಗೆ ತೆಗೆದಿಡಿ. ಆಗ ಲಾರಿಗಳು ಬರುವುದು ನಿಂತಿರುತ್ತದೆ. ಬಾಡಿಗೆ ಮನೆಯ ಮುಂಗಡ, ಪಾತ್ರೆ, ಸ್ಟವ್, ಮಕ್ಕಳ ನೋಟ್‌ಪುಸ್ತಕ, ಕೊಚ್ಚಿಹೋದ ರೇಷನ್ ಕಾರ್ಡ್, ಪಹಣಿಗಾಗಿ ಕಚೇರಿಗೆ ಓಡಾಡುವ ಬಸ್ ಖರ್ಚು ಆ ಮನೆಗಳ ಮುಂದಿರುತ್ತದೆ. ಇಷ್ಟೆಲ್ಲ ಓಡಾಡಲು ಆಗದವರು ಮುಖ್ಯಮಂತ್ರಿ ಪರಿಹಾರ ನಿಧಿಗೆ ಹಣ ಕಳಿಸಿ ರಸೀದಿ ಪಡೆಯಬಹುದು.