ಹೂ ಬಿಟ್ಟಿದೆ, ಕಾಯಿ ಎಲ್ಲಿ? – ಕಲ್ಲಂಗಡಿ ಬಳ್ಳಿಯ ಪಾಠ



"ಸಾರ್, ನಮ್ಮನೆ ಕಲ್ಲಂಗಡಿ ಬಳ್ಳಿ ತುಂಬ ಹೂ ಬಿಟ್ಟಿದೆ, ಒಂದೂ ಕಾಯಿ ಇಲ್ಲ. ಕಿತ್ತು ಹಾಕ್ಲಾ?" ಕಳೆದ ಬೇಸಿಗೆಯಲ್ಲಿ ತೊರಪಲ್ಲಿ ಅಗ್ರಹಾರದ ಒಂಬತ್ತನೇ ತರಗತಿ ಹುಡುಗಿ ಕೇಳಿದ ಪ್ರಶ್ನೆ ಇದು. ದಿನಾ ಬಿಂದಿಗೆಯಲ್ಲಿ ನೀರು ಹೊತ್ತು ಸಾಕಿದ ಬಳ್ಳಿ. "ಕೀಳಬೇಡಮ್ಮ, ಮೊದಲು ಹೂಗಳನ್ನು ಸರಿಯಾಗಿ ನೋಡು" ಅಂದೆ. ನೀವೂ ಬೆಳೆಸಿ ನೋಡಿ.

ಬಿತ್ತುವುದು

ನಮ್ಮ ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಜನವರಿಯ ಚಳಿಯಲ್ಲಿ ಕಲ್ಲಂಗಡಿ ಬೀಜ ಸರಿಯಾಗಿ ಮೊಳೆಯದು. ಫೆಬ್ರವರಿಯಲ್ಲಿ ಬಿಸಿಲೇರಿದ ಮೇಲೆ ಬಿತ್ತಿ. ಅಂಗಡಿ ಹಣ್ಣು ಹೆಚ್ಚಾಗಿ ಹೈಬ್ರಿಡ್, ಅದರ ಬೀಜದಿಂದ ಅದೇ ರುಚಿಯ ಹಣ್ಣು ಬರುತ್ತದೆ ಎಂದು ಹೇಳಲಾಗದು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಮಾಣಿಕ್' ಹೈಬ್ರಿಡ್ ಅಲ್ಲದ ತಳಿ. ಗುಂಡಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, 2 ಸೆಂ.ಮೀ. ಆಳಕ್ಕೆ ಮೂರು ಬೀಜ ಹಾಕಿ. ವಾರ, ಹತ್ತು ದಿನದಲ್ಲಿ ಮೊಳಕೆ ಬರುತ್ತದೆ. ಗಟ್ಟಿಯಾದ ಒಂದೆರಡು ಸಸಿ ಮಾತ್ರ ಉಳಿಸಿ.

ಎರಡು ಬಗೆಯ ಹೂ

ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಕೆಳಗೆ ಗೋಲಿಯಂಥ ಪುಟ್ಟ ಕಾಯಿ ಕಾಣುತ್ತದೆ, ಅದೇ ಅಂಡಾಶಯ. ಗಂಡು ಹೂವಿಗೆ ಬರೀ ತೊಟ್ಟು. ಸಾಮಾನ್ಯವಾಗಿ ಗಂಡು ಹೂಗಳೇ ಮೊದಲು ಬರುತ್ತವೆ. ಆ ಹುಡುಗಿ ಕಂಡದ್ದೆಲ್ಲ ಗಂಡು ಹೂಗಳೇ!

ಕೆಲವು ದಿನ ಬಿಟ್ಟು ಹೆಣ್ಣು ಹೂವೂ ಬಂತು. ಆದರೆ ಪುಟ್ಟ ಕಾಯಿಗಳು ಹಳದಿಯಾಗಿ ಉದುರಿದವು. ಯಾಕೆ? ಪರಾಗ ಸಿಕ್ಕಿರಲಿಲ್ಲ. ಕಲ್ಲಂಗಡಿಯ ಪರಾಗ ಅಂಟಂಟು, ಗಾಳಿಗೆ ಹಾರದು. ಜೇನ್ನೊಣ ಹೊತ್ತು ತರಬೇಕು. ಹೂ ಅರಳುವುದು ಬೆಳಿಗ್ಗೆ, ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ. ಅದೇ ಹೊತ್ತಲ್ಲಿ ಕೀಟನಾಶಕ ಹೊಡೆದರೆ ಜೇನ್ನೊಣವೂ ಹೋಯಿತು, ಕಾಯಿಯೂ ಹೋಯಿತು.

ಮಾಡಿ ನೋಡಿ

ನಾಳೆ ಅರಳಲಿರುವ ಆರು ಹೆಣ್ಣು ಮೊಗ್ಗುಗಳಿಗೆ ಇಂದು ಸಂಜೆಯೇ ತೆಳು ಬಟ್ಟೆ ಚೀಲ ಕಟ್ಟಿ. ಬೆಳಿಗ್ಗೆ ಮೂರರ ಚೀಲ ಬಿಚ್ಚಿ, ಗಂಡು ಹೂವಿನ ದಳ ಕಿತ್ತು, ಕೇಸರವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಮೆಲ್ಲಗೆ ಸವರಿ, ಮತ್ತೆ ಕಟ್ಟಿ. ಉಳಿದ ಮೂರನ್ನು ಮುಟ್ಟಬೇಡಿ. ವಾರದ ನಂತರ ಎಷ್ಟು ಕಾಯಿ ನಿಂತವು, ಎಷ್ಟು ಉದುರಿದವು ಎಂದು ಬರೆದಿಡಿ.

ಆ ಹುಡುಗಿಯ ಬಳ್ಳಿಯಲ್ಲಿ ಎರಡು ಕಾಯಿ ನಿಂತವು. ಕಾಯಿಯ ತೊಟ್ಟಿನ ಬಳಿಯ ಸುರುಳಿ ಎಳೆ ಒಣಗಿ, ನೆಲ ತಾಗಿದ ಭಾಗ ಹಳದಿಯಾದಾಗ ಕೊಯ್ದಳು. ಒಂದು ಹಣ್ಣನ್ನು ತರಗತಿಗೇ ತಂದಳು. ಹೋಳು ಚಿಕ್ಕದು, ಆದರೆ ಪರಾಗಸ್ಪರ್ಶದ ಪಾಠ ಯಾರೂ ಮರೆತಿಲ್ಲ!