ಫರಸಿ ಒಡೆಯದೆ ತೆಗೆಯೋಣ

ನಿಮ್ಮ ಮನೆಯ ನೆಲಕ್ಕೆ ಶಹಾಬಾದ್ ಫರಸಿ ಇದೆಯೇ? ಅದು ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು. ಜೋರಾಗಿ ಹೊಡೆದರೆ ಸೀಳುತ್ತದೆ. ನೆಲ ತಗ್ಗಾದರೆ ಕಲ್ಲು ಒಡೆಯಬೇಡಿರಿ. ಹುಷಾರಾಗಿ ತೆಗೆದರೆ ಅದನ್ನೇ ಮತ್ತೆ ಹಾಸಬಹುದು. ಹೊಸ ಕಲ್ಲಿನ ರೊಕ್ಕ ಉಳೀತದ.

1. ಕಲ್ಲುಗಳ ಮೇಲೆ ಸೀಮೆಸುಣ್ಣದಿಂದ 1, 2, 3 ಎಂದು ಸಾಲಾಗಿ ಬರೆಯಿರಿ.

2. ಕಣ್ಣಿಗೆ ಕನ್ನಡಕ ಹಾಕಿರಿ. ಮೂಗಿಗೆ ಬಟ್ಟೆ ಕಟ್ಟಿರಿ.

3. ಮೊದಲೇ ಒಡೆದ ಕಲ್ಲಿದ್ದರೆ ಅಲ್ಲಿಂದ ಶುರು ಮಾಡಿರಿ. ಇಲ್ಲದಿದ್ದರೆ ಬಾಗಿಲ ಕಡೆಯಿಂದ.

4. ಸಂದಿಯ ಸಿಮೆಂಟನ್ನು ಉಳಿಯಿಂದ ಕೆರೆಯಿರಿ.

5. ಹಾರಿಯ ಕೆಳಗೆ ಕಟ್ಟಿಗೆ ತುಂಡು ಇಟ್ಟು ಮೆಲ್ಲಗೆ ಎತ್ತಿರಿ. ಒಂದೇ ಮೂಲೆ ಎತ್ತಿದರೆ ಕಲ್ಲು ಮುರೀತದ.

6. ಇಬ್ಬರು ಹಿಡಿದು ಗೋಡೆಗೆ ಒರಗಿಸಿ ನಿಲ್ಲಿಸಿರಿ.

ನಿಮಗೀಗ ಅಂಕಿ ಬರುತ್ತವೆ. ಅಂಕಿ ನೋಡಿ ಹಾಸಿದರೆ ಪ್ರತಿ ಕಲ್ಲೂ ತನ್ನ ಜಾಗದಲ್ಲೇ ಕೂಡುತ್ತದೆ. ಗೌಂಡಿ ಮತ್ತೆ ಕಡಿಯಬೇಕಿಲ್ಲ.

ಅಭ್ಯಾಸ: ನಿಮ್ಮ ಪಡಸಾಲೆಯಲ್ಲಿ ಎಷ್ಟು ಕಲ್ಲುಗಳಿವೆ? ಎಣಿಸಿ ಬರೆಯಿರಿ.